ಬಸಿರು ಕೋವಿಗೆ ಉಳಿ ಹಾಕಿದ್ದು

ಕೋವಿ ಹಗುರ ಮಾಡಿಕೊಡು ಎಂದು ಬರುವವರಿಗೆ ನಾನು ಮೊದಲು ಹೇಳುವುದು ಹೆಗಲು ತೋರಿಸಿ ಅಂತ. ಹಗುರ ಕೋವಿ ಒದೆಯುತ್ತದೆ. ನಾಲ್ಕು ಕಿಲೋದ ಕೋವಿ ಹೆಗಲನ್ನು ಸುಮ್ಮನೆ ತಳ್ಳಿದರೆ ಎರಡೂವರೆ ಕಿಲೋದ್ದು ಕತ್ತೆಯ ಹಾಗೆ ಝಾಡಿಸುತ್ತದೆ. ಗುರಿ ಹಿಡಿದಾಗ ನಮ್ಮ ಉಸಿರಿಗೇ ಅಲುಗುತ್ತದೆ. ಮಳೆಗಾಲದಲ್ಲಿ ತೆಳುವಾದ ಮರ ಉಬ್ಬಿ ನಳಿಗೆಯನ್ನು ಒತ್ತಿತೆಂದರೆ ಬೇವಿನಮರಕ್ಕೆ ಇಟ್ಟ ಗುರಿ ಹುಣಸೆಮರಕ್ಕೆ ಹೋಗುತ್ತದೆ. ಇಷ್ಟೆಲ್ಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಗುರ ಕೋವಿ ಸದ್ದನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ, ಅವರಿಗೆ ಬೇಕಾದ್ದು ಅದು.

ನಮ್ಮೂರಿನಲ್ಲಿ ಗುಂಡು ಹಾರಿದಾಗ ಸದ್ದಾಗುವುದಿಲ್ಲ. ಹಂದಿ ಸುಮ್ಮನೆ ಬೀಳುತ್ತದೆ. ಸದ್ದು ಕೋವಿಯೊಳಗೇ ಉಳಿದು, ಅದರ ತೂಕಕ್ಕೆ ತಕ್ಕಷ್ಟು ದಿನ ಕಳೆದ ಮೇಲೆ, ಕೋವಿ ಎಲ್ಲಿರುತ್ತದೋ ಅಲ್ಲಿ ಹೊರಗೆ ಬರುತ್ತದೆ. ಎರಡೂವರೆ ಕಿಲೋದ್ದಾದರೆ ಐದಾರು ದಿನ, ಮೂರು ಕಿಲೋದ್ದಾದರೆ ಒಂದೂವರೆ ತಿಂಗಳು, ಮೂರೂವರೆಯದಾದರೆ ಏಳೆಂಟು ತಿಂಗಳು. ಅಲ್ಲಿಯವರೆಗೆ ಬೋಲ್ಟು ಎಳೆಯುವಂತಿಲ್ಲ. ಖಾಲಿ ತೋಟಾ ನಳಿಗೆಯ ಬುಡದಲ್ಲಿ ಹಾಗೆಯೇ ಕೂತಿರಬೇಕು. ಎಳೆದರೆ ಸದ್ದು ಹೋದಂತೆಯೇ, ಮತ್ತೆ ಬರುವುದಿಲ್ಲ. ಒಳಗೆ ಸದ್ದಿರುವ ಕೋವಿಯನ್ನು ನಮ್ಮವರು ಬಸಿರು ಕೋವಿ ಎನ್ನುತ್ತಾರೆ.

ಸದ್ದಿನ ಹಿಂದೆಯೇ ಹೊಡೆದವನ ಮಾತೂ ಬರುತ್ತದೆ, ಒಂದು ಉಸಿರಿನಷ್ಟು. ಗುಂಡು ಹಾರಿದ ಕೂಡಲೇ ಹೆಸರು, ಮನೆ, ಬಿದ್ದದ್ದೇನು ಎಂದು ಹೇಳುವುದು ಪದ್ಧತಿ. ಆಗ ಅದು ಪಕ್ಕದಲ್ಲಿ ನಿಂತವನಿಗೂ ಕೇಳುವುದಿಲ್ಲ, ಕೋವಿಯೊಳಗೇ ಹೋಗುತ್ತದೆ. ದಿನ ತುಂಬಿ ಹೊರಗೆ ಬಂದಾಗ ಬೀದಿಯಲ್ಲಿದ್ದವರೆಲ್ಲ 'ಕೇಳಿದ್ವಿ' ಎಂದು ಕೂಗಬೇಕು. ಅಷ್ಟು ಹೊತ್ತಿಗೆ ಹಂದಿಯನ್ನು ತಿಂದು ಕರಗಿಸಿಯೂ ಆಗಿರುತ್ತದೆ, ಆ ಮಾತು ಬೇರೆ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಆ ಒಂದು ಉಸಿರಿನಲ್ಲಿ ಸೇರಿಸಿಬಿಡುವವರೂ ಇದ್ದಾರೆ. ಹೆಣ್ಣು ಕೇಳಿದವರಿದ್ದಾರೆ, ಅತ್ತಿಗೆಯನ್ನು ಬೈದವರಿದ್ದಾರೆ. ಸದ್ದು ಬರುವ ಹೊತ್ತಿಗೆ ಊರಾಚೆ ಹೋಗಿ ಕೂತರೆ ಸಾಕು. ನಮ್ಮೂರಿನ ಗಂಡಸರು ಧೈರ್ಯವಂತರು ಎಂದು ಸುತ್ತಮುತ್ತ ಹೆಸರಿದೆ.

ನಾನು ಕಾಟಯ್ಯ, ಕೋವಿ ರಿಪೇರಿ ಮಾಡುವವನು. ಊರಿನವರು ಮೇಸ್ತ್ರಿ ಎನ್ನುತ್ತಾರೆ. ಗುಂಡು ಹೊಡೆದ ಕೋವಿಯನ್ನು ಅವತ್ತೇ ತೊಳೆಯಬೇಕು ಎಂಬುದು ನನ್ನ ಕಸುಬಿನ ಮೊದಲ ಪಾಠ, ನಮ್ಮೂರಿನಲ್ಲಿ ಅದೊಂದನ್ನು ಮಾಡುವಂತಿಲ್ಲ. ಮಸಿ ಒಳಗೇ ಕೂತು ತೇವ ಹಿಡಿದು ತುಕ್ಕಾಗುತ್ತದೆ. ಬಾಯಿಗೆ ಜೇನುಮೇಣ ಸವರಿದ ಬಟ್ಟೆ ತುರುಕಿ, ಬಾಯಿ ಕೆಳಗೆ ಮಾಡಿ, ಒಲೆಗೆ ದೂರದ ಒಣ ಗೋಡೆಗೆ ನೇತುಹಾಕಿ ಎಂದು ಹೇಳಿ ಕಳಿಸುತ್ತೇನೆ. ಸದ್ದು ಬಂದ ಮೇಲೆ ಬೋಲ್ಟು ತೆಗೆದು, ಬುಡದ ಕಡೆಯಿಂದಲೇ ಬಟ್ಟೆ ಸುತ್ತಿದ ಕಬ್ಬಿಣದ ಗಜ ಹಾಕಿ ಒರೆಸುತ್ತೇನೆ. ಬಾಯಿಯ ಕಡೆಯಿಂದ ಹಾಕಿದರೆ ಅಂಚು ಸವೆದು ಗುರಿ ಕೆಡುತ್ತದೆ. ಎಣ್ಣೆ ಒಂದು ಹನಿ ಸಾಕು. ನನ್ನ ಅಂಗಡಿಯ ಎದುರಿಗೆ ಹೋಟೆಲು ಇಟ್ಟಿರುವ ಪಾಲಯ್ಯ ದೋಸೆಗೆ ಸುರಿದ ಹಾಗೆ ಸುರಿಯುತ್ತಾನೆ, ಆಮೇಲೆ ಬೋಲ್ಟು ಅಂಟುತ್ತೆ ಎಂದು ನನಗೇ ಬೈಯುತ್ತಾನೆ. ಊರಿನಲ್ಲೆಲ್ಲ ಹಗುರವಾದ ಕೋವಿ ಅವನದು. ಅವನ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ಕೆಳಗಿದೆ.

ಎಲ್ಲರಿಗಿಂತ ಭಾರದ ಕೋವಿ ಗಾದ್ರಪ್ಪನದು. ಅಪ್ಪನಿಂದ ಬಂದದ್ದು, ಬೀಟೆ ಮರ, ನಾಲ್ಕೂವರೆ ಕಿಲೋ. ಒಮ್ಮೆ ಹೊಡೆದರೆ ಸದ್ದು ಬರಲು ಎರಡು ವರ್ಷ. ಅದಕ್ಕೆ ಉಳಿ ಮುಟ್ಟಿಸಲು ಅವನು ಬಿಟ್ಟವನಲ್ಲ. "ಎರಡ್ ವರ್ಷಕ್ಕೊಂದ್ ಗುಂಡು ಸಾಕು ಕಣೋ ಕಾಟಯ್ಯ, ನಾನೇನು ಸಿಪಾಯೀನಾ?" ಎನ್ನುತ್ತಿದ್ದ. ನನ್ನ ಜೊತೆಗಾರ. ಒಂದು ದಿನ ಬೆಳಿಗ್ಗೆ ಕೋವಿ ಹೆಗಲಿಗೇರಿಸಿಕೊಂಡು ಹೋದವನು ಮಧ್ಯಾಹ್ನಕ್ಕೆ ಬರಿಗೈಯಲ್ಲಿ ಬಂದು ಅದನ್ನು ಗೂಟಕ್ಕೆ ಹಾಕಿದನಂತೆ. ಕೋವಿ ಬಸಿರಾಗಿತ್ತು. "ಏನ್ ಬಿತ್ತು?" ಎಂದು ಹೆಂಡತಿ ಓಬಕ್ಕ ಕೇಳಿದರೆ, "ಸದ್ದು ಬಂದಾಗ ನೀನೇ ಕೇಳ್ತೀಯ ಬಿಡು" ಎಂದು ನಕ್ಕನಂತೆ. ಸಂಜೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವನು ದೀಪ ಹಚ್ಚುವಷ್ಟರಲ್ಲಿ ಹೋಗಿಬಿಟ್ಟ.

ಓಬಕ್ಕ ಎಂಟು ತಿಂಗಳು ಕಾದಳು. ಅಷ್ಟರಲ್ಲಿ ಅವಳ ಎಡಗಿವಿ ಮುಚ್ಚಿಹೋಯಿತು. ಪೇಟೆಯ ಡಾಕ್ಟರು ನೋಡಿ, ಬಲಗಿವಿಯೂ ಹೆಚ್ಚೆಂದರೆ ಎರಡು ತಿಂಗಳು ಎಂದರು. ಮಾರನೆಯ ದಿನ ಬೆಳಿಗ್ಗೆ ಅವಳು ಕೋವಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು.

"ಮೇಸ್ತ್ರಣ್ಣ, ಇದನ್ನ ಹಗುರ ಮಾಡ್ಕೊಡು."

"ಬಸಿರು ಕೋವಿಗೆ ಉಳಿ ಹಾಕ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ ಅಕ್ಕ?"

"ನಂಗ್ ಗೊತ್ತು. ನನ್ ಕಿವೀಗ್ ಗೊತ್ತಿಲ್ಲ."

ಪಾಲಯ್ಯನ ಹೋಟೆಲಿನ ತಕ್ಕಡಿಯಲ್ಲಿ ತೂಗಿ ನೋಡಿದೆ. ಒಂದು ಕಿಲೋದಷ್ಟು ತೆಗೆದರೆ ಇಷ್ಟು ಹೊತ್ತಿಗೆ ದಿನ ತುಂಬಿದ ಹಾಗೆ. ಬೋಲ್ಟು ಎಳೆಯದೆ ಮಾಡಬಹುದಾದ ಕೆಲಸ ಬೇಕಾದಷ್ಟಿತ್ತು. ಹೆಗಲಿಗೆ ಕೊಡುವ ಕಡೆ ಮರವನ್ನು ಒಳಗಿನಿಂದ ಬೈರಿಗೆ ಹಾಕಿ ಪೊಳ್ಳು ಮಾಡಬಹುದು, ಹೊರಗೆ ಕೀಸಬಹುದು, ಬೆರಳಿನಲ್ಲಿ ಎಳೆಯುವ ಕುದುರೆಯ ಸುತ್ತಲಿನ ಉಕ್ಕಿನ ಬಳೆ ತೆಗೆದು ತೆಳುವಾದದ್ದು ಕೂರಿಸಬಹುದು, ಬೋಲ್ಟಿನ ಹಿಡಿಯ ತುದಿಯ ಗುಂಡನ್ನು ಕೊರೆಯಬಹುದು. ಆದರೆ ಸದ್ದು ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಹೇಳುವಂತಿಲ್ಲ, ಬರುವುದು ಒಂದೇ ಸಲ. ಹಾಗಾಗಿ ಅವಳು ದಿನವೂ ಅಂಗಡಿಯಲ್ಲೇ ಕೂರಬೇಕಾಯಿತು.

"ಎಷ್ಟ್ ದಿನ ಹಿಡೀತದೆ?" ಎಂದಳು.

"ಹತ್ತು ದಿನ" ಎಂದೆ. ನಿಜವಾಗಿಯೂ ಅದು ಹತ್ತು ದಿನದ ಕೆಲಸ.

ದಿನವೂ ಬುತ್ತಿ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ, ಬಲಗಿವಿ ನನ್ನ ಕಡೆ ಬರುವ ಹಾಗೆ ಕೂರುತ್ತಿದ್ದಳು. ಕೆಳಗೆ ಬಿದ್ದ ಬೀಟೆಯ ಚಕ್ಕೆಗಳನ್ನು ಒಲೆಗೆಂದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಬಂದ ಕೂಡಲೇ ನಾನು ಸುತ್ತಿಗೆಯಿಂದ ಅಡಿಗಲ್ಲಿಗೆ ಒಂದು ಏಟು ಹಾಕಬೇಕು, ಅವಳು "ಕೇಳ್ತು" ಎನ್ನಬೇಕು. ಆಮೇಲೆ ಕೆಲಸ. ಮೊದಲ ದಿನವೇ ಅವಳು ಕಾಯುತ್ತಿದ್ದುದು ಏನೆಂದು ಹೇಳಿದಳು.

"ಆಡಿನ ವಿಚಾರ ಕಣ್ ಮೇಸ್ತ್ರಣ್ಣ. ಅವತ್ ಬೆಳಿಗ್ಗೇನೂ ಅದ್ಕೇ ಜಗಳ ಆಗಿತ್ತು. ಕೊಟ್ಟಿಗೆ ಅಗಳಿ ಹಾಕ್ದೆ ಇದ್ದೋರು ಯಾರು ಅಂತ. ಇಪ್ಪತ್ತೆರಡು ವರ್ಷದಿಂದ ಅವ್ರು ನೀನು ಅಂತಾರೆ, ನಾನು ನೀವು ಅಂತೀನಿ. ಕೋವಿ ತಗಂಡು ಹೊರಟೋರು ಬಾಗ್ಲಲ್ಲಿ ನಿಂತ್ಕಂಡು, 'ಇವತ್ ಇದನ್ನ ಮುಗಿಸ್ಬಿಡ್ತೀನಿ' ಅಂದ್ರು. ಗುಂಡಿನ್ ಜೊತೆ ಅದ್ನೇ ಹೇಳವ್ರೆ. ಏನ್ ಹೇಳವ್ರೆ ಅಂತ ನಾನ್ ನನ್ ಕಿವೀಲೇ ಕೇಳ್ಬೇಕು. ಬೇರೆಯೋರ್ ಹೇಳಿದ್ರೆ ಆಗಲ್ಲ."

ನನ್ನ ಕೈಯಲ್ಲಿದ್ದ ಕೀಸುಳಿ ಅಲ್ಲೇ ನಿಂತಿತು.

ಇಪ್ಪತ್ತೆರಡು ವರ್ಷದ ಹಿಂದೆ ಚಿರತೆ ಅವರ ಕೊಟ್ಟಿಗೆಗೆ ನುಗ್ಗಿ ಒಂಬತ್ತು ಆಡು ಕೊಂದಿತ್ತು. ಬಾಗಿಲ ಅಗಳಿ ಹಾಕಿರಲಿಲ್ಲ. ಹಾಕದೆ ಬಂದವನು ನಾನು. ಕೋವಿಯ ಹಿಂದೆ ಹೆಗಲಿಗೆ ಒತ್ತುವ ಪಟ್ಟಿಗೆ ಆಡಿನ ಕೊಂಬು ಒಳ್ಳೆಯದು, ಹಗುರ, ಹೆಗಲಿಗೂ ಹಿತ. ಗಾದ್ರಪ್ಪನ ಕೊಟ್ಟಿಗೆಯ ಅಟ್ಟದಲ್ಲಿ ಕೊಂಬುಗಳಿದ್ದವು, ಬೇಕಾದಾಗ ಹೋಗಿ ತೆಗೆದುಕೊಳ್ಳುವ ಸಲುಗೆ ನನಗಿತ್ತು. ಅವತ್ತು ಸಂಜೆ ಗಂಡ ಹೆಂಡತಿ ಒಳಗೆ ಊಟ ಮಾಡುತ್ತಿದ್ದರು. ನಾನು ಕೂಗದೆ ಹೋಗಿ, ಎರಡೂ ಕೈ ತುಂಬ ಕೊಂಬು ಹಿಡಿದುಕೊಂಡು, ಬಾಗಿಲನ್ನು ಕಾಲಿನಲ್ಲಿ ನೂಕಿ ಬಂದೆ. ಅಗಳಿ ಹಾಕಿಲ್ಲವೆಂದು ಬೀದಿಯ ತಿರುವಿನಲ್ಲಿ ನೆನಪಾಯಿತು. ಅವರೇ ಹಾಕಿಕೊಳ್ಳುತ್ತಾರೆ ಬಿಡು ಎಂದುಕೊಂಡೆ. ಬೆಳಿಗ್ಗೆ ಊರೇ ಅಲ್ಲಿ ಸೇರಿತ್ತು. ಗಂಡ ಹೆಂಡತಿ ಆಗಲೇ ಒಬ್ಬರ ಮೇಲೊಬ್ಬರು ಹಾಕಿ ಕೂಗಾಡುತ್ತಿದ್ದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನಾನು ಹೇಳಲಿಲ್ಲ. ಆ ಕೊಂಬಿನಲ್ಲೇ ಒಂದನ್ನು ಅರೆದು ಗಾದ್ರಪ್ಪನ ಕೋವಿಗೆ ಪಟ್ಟಿ ಮಾಡಿ ಕೂರಿಸಿದೆ, ಬೇಡವೆಂದರೂ ಬಿಟ್ಟಿಯಾಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅವನ ಹೆಗಲಿಗೇ ಅಂಟಿಸಿ ಬಂದೆ.

ಈಗ ಅದೇ ಪಟ್ಟಿ ಬಿಚ್ಚಿ ನನ್ನ ಮುಂದೆ ಬಿದ್ದಿತ್ತು. ಗಾದ್ರಪ್ಪನಿಗೆ ಹೇಗೋ ಗೊತ್ತಾಗಿರಬೇಕು ಅನ್ನಿಸಿತು. ಇವತ್ತು ಮುಗಿಸಿಬಿಡುತ್ತೇನೆ ಎಂದಿದ್ದನಂತೆ. ಕೋವಿಯೊಳಗಿರುವುದು ನನ್ನ ಹೆಸರು ಎಂದು ನನಗೆ ಖಾತ್ರಿಯಾಯಿತು.

ಹತ್ತು ದಿನದ ಕೆಲಸವನ್ನು ನಾನು ಎಳೆದೆ. ಕೀಸುಳಿ ಮೊಂಡಾಗಿದೆ ಎಂದೆ. ಮರ ತೇವವಾಗಿದೆ, ಒಣಗಲಿ ಎಂದೆ. ಬೀಟೆಗೆ ಅವಸರ ಮಾಡಿದರೆ ಸೀಳುತ್ತದೆ ಎಂದೆ, ಅದು ಅರ್ಧ ನಿಜ. ದಿನಕ್ಕೆ ಒಂದು ಹಿಡಿ ಚಕ್ಕೆ ಬೀಳುವಷ್ಟು ಮಾಡಿ, ಉಳಿದ ಹೊತ್ತು ಮರಕ್ಕೆ ಅರ ತಾಗದ ಹಾಗೆ ಅರ ಆಡಿಸಿದೆ. ಒಂದು ಸಲ ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಬೋಲ್ಟಿನ ಮೇಲೆ ಕೈಯಿಟ್ಟೆ. ಮೇಲೆತ್ತಿ ಹಿಂದಕ್ಕೆ ಎಳೆದರೆ ಮುಗಿಯಿತು, ಎರಡು ಬೆರಳಿನ ಕೆಲಸ. ಎಳೆಯಲಿಲ್ಲ. ಒಳ್ಳೆಯತನದಿಂದಲ್ಲ, ಬಸಿರು ಕೋವಿಯ ಬೋಲ್ಟು ಎಳೆದ ಮೇಸ್ತ್ರಿಯ ಅಂಗಡಿಗೆ ನಮ್ಮೂರಿನಲ್ಲಿ ನಾಯಿಯೂ ಬರುವುದಿಲ್ಲ.

ಬೆಳಗಿನ ಸುತ್ತಿಗೆ ಏಟನ್ನು ದಿನದಿಂದ ದಿನಕ್ಕೆ ಜೋರು ಮಾಡಬೇಕಾಯಿತು. ಇಪ್ಪತ್ತನೆಯ ದಿನ ಅವಳು "ಇನ್ನೊಂದ್ಸಲ ಹಾಕು" ಎಂದಳು. ಮೂವತ್ತೈದನೆಯ ದಿನ ಪಾಲಯ್ಯ ಹೋಟೆಲಿನಿಂದಲೇ, "ಏನ್ ಮೇಸ್ತ್ರೀ, ಅಡಿಗಲ್ಲು ಒಡೀತಿದೀಯಾ?" ಎಂದು ಕೂಗಿದ. ನಲವತ್ತಾರನೆಯ ದಿನ ನಾನು ಸುತ್ತಿಗೆಯನ್ನು ಮೇಲೆತ್ತಿದೆ. ಏಟು ಹಾಕುವ ಮೊದಲೇ ಓಬಕ್ಕ "ಕೇಳ್ತು" ಎಂದಳು.

ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟೆ. ಅವಳು ನಗುನಗುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಳು. ಬಲಗಿವಿಯೂ ಹೋದದ್ದು ಗೊತ್ತಾದರೆ ನಾನು ಕೆಲಸ ನಿಲ್ಲಿಸಿಬಿಡುತ್ತೇನೆ ಎಂದು ಹೆದರಿದ್ದಳು. ಎಷ್ಟು ದಿನದಿಂದ ಹೀಗೆ ನನ್ನ ತುಟಿ ನೋಡಿಕೊಂಡು ಮಾತಾಡುತ್ತಿದ್ದಳೋ ನಾನು ಗಮನಿಸಿರಲಿಲ್ಲ. ನಾನು ಅವಳ ಮುಖ ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವತ್ತು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅದಾದ ಮೇಲೆ ಕಳ್ಳಾಟ ಮಾಡಲಿಲ್ಲ, ಹೊತ್ತು ಹುಟ್ಟುವುದರಿಂದ ಮುಳುಗುವವರೆಗೆ ಕೀಸಿದೆ. ಅಷ್ಟು ಹೊತ್ತಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಐವತ್ತನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಸದ್ದು ಬಂತು. ಕೋವಿ ವೈಸಿನ ಹಿಡಿತದಲ್ಲಿ ಬಿಗಿದಿತ್ತು. ಹೆಂಚಿನ ಮೇಲಿನ ಗುಬ್ಬಿಗಳೆಲ್ಲ ಹಾರಿದವು, ಮಾಡಿನಿಂದ ದೂಳು ಉದುರಿತು. ಅದರ ಹಿಂದೆಯೇ ಗಾದ್ರಪ್ಪ, ನನ್ನ ಪಕ್ಕದಲ್ಲೇ ನಿಂತವನ ಹಾಗೆ, ಸ್ವಲ್ಪ ಏದುಸಿರು ಬಿಡುತ್ತಾ ಮಾತಾಡಿದ: "ಗಾದ್ರಪ್ಪ, ಬೇವಿನಮರದ್ ಮನೆ, ಏನೂ ಬಿದ್ದಿಲ್ಲ. ಅವತ್ ಕೊಟ್ಟಿಗೆ ಅಗಳಿ ಹಾಕ್ದೆ ಇದ್ದೋನು ನಾನೇ ಕಣೇ."

ಅಷ್ಟೇ. ನನ್ನ ಹೆಸರಿರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಹಂದಿಗೂ ಅಲ್ಲ, ಮೊಲಕ್ಕೂ ಅಲ್ಲ, ಹೆಂಡತಿಗೆ ಸೋಲುವುದಕ್ಕೆಂದೇ ಒಂದು ಗುಂಡು ಸುಟ್ಟಿದ್ದ, ಮಾಡದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡು.

ಬೀದಿಯಲ್ಲಿ ಪಾಲಯ್ಯ, ಅವನ ಗಿರಾಕಿಗಳು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲ ಈ ಕಡೆ ತಿರುಗಿ "ಕೇಳಿದ್ವಿ" ಎಂದು ಕೂಗಿದರು. ಓಬಕ್ಕ ಚಕ್ಕೆ ಆಯುತ್ತಿದ್ದವಳು ಬುತ್ತಿಯ ಮೇಲೆ ಬಿದ್ದ ದೂಳನ್ನು ನೋಡಿದಳು, ತಲೆಯೆತ್ತಿ ಮಾಡನ್ನು ನೋಡಿದಳು, ಆಮೇಲೆ ಬೀದಿಯಲ್ಲಿ ತೆರೆದಿದ್ದ ಅಷ್ಟೂ ಬಾಯಿಗಳನ್ನು ನೋಡಿದಳು.

"ಬಂತಾ?" ಎಂದಳು.

ತಲೆಯಾಡಿಸಿದೆ.

"ಏನಂದ್ರು?"

ಬೇರೆಯವರು ಹೇಳಿದರೆ ಆಗುವುದಿಲ್ಲ ಎಂದಿದ್ದವಳು. ನಾನು ಅವಳೆದುರು ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಮಾತನ್ನು ತುಟಿ ಬಿಡಿಸಿ ಹೇಳಿದೆ. ಗಾದ್ರಪ್ಪ ಹೀಗಂದ, ಅಗಳಿ ಹಾಕದಿದ್ದವನು ಅವನೇ ಅಂತೆ. ಗೆದ್ದೆ ಎಂದು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿದ್ದುಹೋಯಿತು.

"ಸುಳ್ಳು" ಎಂದಳು. ಕಿವಿ ಹೋದವರ ಹಾಗೆ ದನಿ ಸಿಕ್ಕಾಪಟ್ಟೆ ಜೋರಾಗಿತ್ತು. "ಅವತ್ ಹಾಲು ಕರ್ದು ಕೊನೇಗೆ ಈಚೆ ಬಂದೋಳು ನಾನು. ಅಗಳಿ ಹಾಕಿದ್ನೋ ಇಲ್ವೋ ನಂಗ್ ನೆನಪೇ ಇಲ್ಲ ಮೇಸ್ತ್ರಣ್ಣ. ಹಾಕಿರಲ್ಲ, ನಾನೇ ಹಾಕಿರಲ್ಲ. ಒಪ್ಕಳಕ್ಕಾಗ್ದೆ ಇಪ್ಪತ್ತೆರಡು ವರ್ಷ ಅವ್ರ್ ಮೇಲೆ ಬಾಯ್ ಮಾಡ್ದೆ. ಕೊನೇಗೆ ಊರಿಗೆಲ್ಲ ಕೇಳೋ ಹಂಗೆ ಅವ್ರ್ ಬಾಯಲ್ಲೇ ಸುಳ್ಳು ಹೇಳಿಸ್ಬಿಟ್ನಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನನಗೆ ಕೈಗೊಂದು ಕೆಲಸ ಬೇಕಿತ್ತು. ಎದ್ದು ಹೋಗಿ ಬೋಲ್ಟು ಎಳೆದೆ. ಖಾಲಿ ತೋಟಾ ಹೊರಗೆ ಬಿದ್ದು ಉರುಳಿತು. ಗಜಕ್ಕೆ ಬಟ್ಟೆ ಸುತ್ತಿ ನಳಿಗೆಗೆ ಹಾಕಿದೆ, ಕೆಂಪಗೆ ಬಂತು. ಇನ್ನೊಂದು ಹಾಕಿದೆ, ಅದೂ ಕೆಂಪಗೆ ಬಂತು. "ನಾನು ಅಕ್ಕ, ಹಾಕ್ದೆ ಇದ್ದೋನು ನಾನು" ಎಂದು ಬಟ್ಟೆಯನ್ನು ನೋಡುತ್ತಲೇ ಹೇಳಿದೆ. ಅವಳ ತಲೆ ಬಗ್ಗಿತ್ತು. ಕಿವಿ ಕೇಳದವಳ ಬೆನ್ನಿಗೆ ಹೇಳಿ ನಾನು ಹಗುರಾಗಲು ನೋಡಿದ್ದೆ. ನಮ್ಮೂರಿನ ಬುದ್ಧಿಯೇ ಅದು. ಯಾವ ಕೋವಿಯಲ್ಲಿ ಹೇಳಿಟ್ಟರೂ ಇನ್ನು ಅವಳಿಗೆ ಕೇಳುವಂತಿರಲಿಲ್ಲ. ಅವಳೊಬ್ಬಳಿಗೆ ಮಾತ್ರ ಮುಖ ಕೊಟ್ಟೇ ಹೇಳಬೇಕಿತ್ತು.

ಮತ್ತೆ ಹೋಗಿ ಎದುರಿಗೆ ಕೂತೆ. ಭುಜ ಮುಟ್ಟಿದೆ. ಅವಳು ತಲೆಯೆತ್ತಿದಳು.

"ನೀನಲ್ಲ, ಅವನೂ ಅಲ್ಲ" ಎಂದೆ. "ನಾನು. ಕೊಂಬು ತಗಳಕ್ಕೆ ಬಂದಿದ್ದೆ."

ಅವಳಿಗೆ ತಿಳಿಯಲಿಲ್ಲ. ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಕೊಂಬಿನ ಪಟ್ಟಿಯನ್ನು ತೆಗೆದು ಅವಳ ಕೈಯಲ್ಲಿಟ್ಟು ಹೇಳಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ, ಕೆಳಗೆ ಬಿದ್ದಿದ್ದ ಚಕ್ಕೆಗಳ ಕಡೆ ನೋಡಿದಳು. ಹತ್ತು ದಿನದ ಕೆಲಸ ಐವತ್ತು ದಿನ ಏಕೆ ಹಿಡಿಯಿತು ಎಂಬುದು ಆಗ ಅವಳಿಗೆ ಹೊಳೆದಿರಬೇಕು.

"ನಾನ್ ಐವತ್ ದಿನ ಕೂತಿದ್ನಲ್ಲೋ ನಿನ್ ಮುಂದೆ" ಎಂದಳು. ಇಷ್ಟು ಹೊತ್ತೂ ಅವಳ ದನಿ ಜೋರಾಗಿತ್ತು, ಇದನ್ನು ಮಾತ್ರ ಮೆಲ್ಲಗೆ ಹೇಳಿದಳು.

ನಾನು ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅವಳು ನನ್ನ ಬಾಯಿಯ ಕಡೆ ನೋಡುತ್ತಿರಲಿಲ್ಲ. ಎದ್ದು ನಿಂತು ಚೀಲದಲ್ಲಿದ್ದ ಚಕ್ಕೆಯನ್ನೆಲ್ಲ ನನ್ನ ಅಂಗಡಿಯ ನೆಲಕ್ಕೆ ಸುರಿದಳು.

"ಅವ್ರ್ ಹೆಸ್ರಲ್ಲಿ ಸುಳ್ಳು ಉಳೀಬಾರ್ದು ಕಾಟಯ್ಯ. ಊರು 'ಕೇಳಿದ್ವಿ' ಅಂದೈತೆ. ಇದನ್ನೂ ಕೇಳ್ಲಿ. ಈ ಕೋವೀಲೇ ಹೇಳು. ನಂಗ್ ಎರಡ್ ವರ್ಷ ಕಾಯಕ್ಕಾಗಲ್ಲ, ಎಷ್ಟ್ ಹಗುರ ಆಗ್ತದೋ ಅಷ್ಟ್ ಮಾಡು."

ಹತ್ತು ದಿನ ಮತ್ತೆ ಕೀಸಿದೆ. ಈ ಸಲ ಕೀಸುಳಿ ಮೊಂಡಾಗಲಿಲ್ಲ, ಮರ ತೇವವಾಗಲಿಲ್ಲ. ಮುಂದಿನ ಮರವನ್ನು ಅರ್ಧಕ್ಕೆ ಕತ್ತರಿಸಿದೆ, ಉಳಿದದ್ದನ್ನು ಸೋರೆಬುರುಡೆಯ ಹಾಗೆ ಪೊಳ್ಳು ಮಾಡಿದೆ. ಎರಡೂವರೆ ಕಿಲೋಗೆ ಇಳಿಯಿತು. ಉಳಿ ಮುಟ್ಟಿಸಬೇಡ ಎಂದಿದ್ದವನ ಕೋವಿ. ನಳಿಗೆಯ ತುಕ್ಕನ್ನು ಉಜ್ಜಿ ತೆಗೆದೆ, ಹಳ್ಳ ಬಿದ್ದದ್ದು ಹೋಗಲಿಲ್ಲ. ಗುರಿಗೆ ಇನ್ನು ಅದು ಬಾರದು. ನನಗೆ ಗುರಿ ಬೇಕಿರಲಿಲ್ಲ.

ಊರಾಚೆಯ ಬಂಡೆಗೆ ಓಬಕ್ಕನೂ ಬಂದಳು. ನಾನು ಗುಂಡು ಹಾರಿಸುವಾಗ ಮಾತು ನುಂಗಿಬಿಡುತ್ತೇನೆ ಎಂಬ ಅನುಮಾನ ಅವಳಿಗೆ, ಇದ್ದದ್ದೇ. ಪಕ್ಕದಲ್ಲಿ ಬೇರೆ ಯಾರಿದ್ದರೂ ಆ ಹೊತ್ತಿನಲ್ಲಿ ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಅವಳು ಮಾತ್ರ ನನ್ನ ತುಟಿ ನೋಡುತ್ತಾ ನಿಂತಿದ್ದಳು. ಮಣ್ಣಿನ ದಿಬ್ಬಕ್ಕೆ ಹೊಡೆದೆ. ಕೋವಿ ಹೆಗಲಿಗೆ ಝಾಡಿಸಿತು. "ಕಾಟಯ್ಯ, ಕೋವಿ ರಿಪೇರಿ ಮನೆ, ಏನೂ ಬಿದ್ದಿಲ್ಲ. ಗಾದ್ರಪ್ಪ ಹೇಳಿದ್ದು ಸುಳ್ಳು. ಅಗಳಿ ಹಾಕ್ದೆ ಇದ್ದೋನು ನಾನು, ಓಬಕ್ಕ ಅಲ್ಲ." ಕೊನೆಗೆ ಉಸಿರು ಸಾಲದೆ ಬಂತು. ಅವಳು ಕೊನೆಯ ಮಾತಿನವರೆಗೂ ನೋಡಿ, ತಲೆಯಾಡಿಸಿ, ಮುಂದೆ ನಡೆದಳು.

ಇವತ್ತಿಗೆ ಆರನೆಯ ದಿನ. ಹೆಗಲು ನೀಲಿಗಟ್ಟಿದೆ, ಎಡಗೈಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕೋವಿ ಅಂಗಡಿಯ ಗೂಟಕ್ಕೆ ಬಾಯಿ ಕೆಳಗಾಗಿ ನೇತಾಡುತ್ತಿದೆ. ಬೇಕಿದ್ದರೆ ನಾನೂ ಎಲ್ಲರ ಹಾಗೆ ಊರಾಚೆ ಹೋಗಿ ಕೂರಬಹುದಿತ್ತು, ಹೋಗಿಲ್ಲ. ಓಬಕ್ಕ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿದ್ದಾಳೆ. ನನ್ನೊಡನೆ ಮಾತಿಲ್ಲ. ಕೋವಿಯ ಕಡೆಯೂ ಅವಳು ನೋಡುತ್ತಿಲ್ಲ. ಬೀದಿಯಾಚೆ ದೋಸೆ ಹುಯ್ಯುತ್ತಿರುವ ಪಾಲಯ್ಯನ ಬಾಯಿಯನ್ನೇ ನೋಡುತ್ತಿದ್ದಾಳೆ.